ಕ್ಷೇತ್ರ ಬಿಟ್ಟುಕೊಟ್ಟ ವಕೀಲರು

ಮಲೆನಾಡಿನಲ್ಲಿ ‘ಬಿಟ್ಟುಕೊಡುವುದು’ ಎಂಬ ಮಾತಿಗೆ ತೂಕ ಹೆಚ್ಚು. ಅಣ್ಣ ತಮ್ಮನಿಗೆ ತೋಟದ ಒಂದು ಅಂಚು ಬಿಟ್ಟುಕೊಟ್ಟ, ಒಡೆಯರು ಗೇಣಿದಾರನಿಗೆ ಗದ್ದೆ ಬಿಟ್ಟುಕೊಟ್ಟರು ಎಂದರೆ ಅದರ ಹಿಂದೆ ಒಂದು ಪಂಚಾಯಿತಿ, ಒಂದು ಕಾಗದ, ಕೆಲವೊಮ್ಮೆ ಒಂದು ತಲೆಮಾರಿನ ಮುನಿಸು ಇರುತ್ತದೆ. ಡಿ.ಬಿ. ಚಂದ್ರೇಗೌಡರ ಹೆಸರು ಬಂದಾಗ ಚಿಕ್ಕಮಗಳೂರು ಜಿಲ್ಲೆಯ ಹಿರಿಯರ ಬಾಯಿಗೆ ಮೊದಲು ಬರುವುದೂ ಇದೇ ಮಾತು: ‘ಇಂದಿರಾ ಗಾಂಧಿಗೆ ಕ್ಷೇತ್ರ ಬಿಟ್ಟುಕೊಟ್ಟವರು.’

ಆದರೆ ಕ್ಷೇತ್ರವೆಂಬುದು ತೋಟವಲ್ಲ, ಗದ್ದೆಯಲ್ಲ. ಅದನ್ನು ಒಬ್ಬರು ಇನ್ನೊಬ್ಬರಿಗೆ ಬರೆದುಕೊಡಲು ಬರುವುದಿಲ್ಲ. ಇದು ಬೇರೆಯವರಿಗಿಂತ ಚಂದ್ರೇಗೌಡರಿಗೇ ಚೆನ್ನಾಗಿ ಗೊತ್ತಿದ್ದಿರಬೇಕು. ಏಕೆಂದರೆ ಅವರು ವೃತ್ತಿಯಿಂದ ವಕೀಲರು. ಮುಂದೆ ವಿಧಾನಸಭೆಯ ಅಧ್ಯಕ್ಷರಾಗಿ, ರಾಜ್ಯದ ಕಾನೂನು ಸಚಿವರಾಗಿ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಶಾಸಕರಾಗಿ ಬಾಳಿದವರು. ಅವರ ರಾಜಕೀಯ ಜೀವನವನ್ನು ಹಿಡಿದುಕೊಂಡು ಹೊರಟರೆ ನಮ್ಮ ಶಾಸನಸಭೆಗಳು ಹೇಗೆ ನಡೆಯುತ್ತವೆ ಎಂಬುದರ ಒಂದು ಪಾಠವೇ ಸಿಕ್ಕುತ್ತದೆ.

ಚಂದ್ರೇಗೌಡರು ಹುಟ್ಟಿದ್ದು 1936ರ ಆಗಸ್ಟ್ 26ರಂದು, ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯಲ್ಲಿ. ಕಾಫಿ ತೋಟದ ಸೀಮೆ. ಆ ತಲೆಮಾರಿನ ಮಲೆನಾಡಿನಲ್ಲಿ ವಕೀಲರು ರಾಜಕೀಯಕ್ಕೆ ಬರುವುದು ಅಪರೂಪವೇನೂ ಆಗಿರಲಿಲ್ಲ. 1956ರಲ್ಲಿ ಕೆಲವೇ ವಾರಗಳ ಕಾಲ ಮುಖ್ಯಮಂತ್ರಿಯಾಗಿದ್ದ ತೀರ್ಥಹಳ್ಳಿ ಸೀಮೆಯ ಕಡಿದಾಳ್ ಮಂಜಪ್ಪನವರೂ ವಕೀಲರೇ. ಇದಕ್ಕೆ ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಇಲ್ಲಿ ಗೇಣಿ ಬಹುಪಾಲು ಬಾಯಿಮಾತಿನ ಮೇಲೆ ನಡೆಯುತ್ತಿತ್ತು. ಗೇಣಿ ಅಳೆದುದಕ್ಕೆ ರಸೀತಿ ಇರುತ್ತಿರಲಿಲ್ಲ, ಪಹಣಿಯಲ್ಲಿ ಉಳುವವನ ಹೆಸರಿರುತ್ತಿರಲಿಲ್ಲ. ಜೊತೆಗೆ ಅಡಿಕೆ ತೋಟ, ಅದರ ಪಕ್ಕದ ಸೊಪ್ಪಿನ ಬೆಟ್ಟ, ಅದರಾಚೆಗಿನ ಸರ್ಕಾರಿ ಕಾಡು, ಇವುಗಳ ಗಡಿ ಎಲ್ಲಿ ಮುಗಿದು ಎಲ್ಲಿ ಆರಂಭವಾಗುತ್ತದೆ ಎಂಬ ತೀರದ ತಕರಾರು. ಉಳುವವನನ್ನೇ ಒಡೆಯನನ್ನಾಗಿ ಮಾಡಿದ 1974ರ ಭೂ ಸುಧಾರಣಾ ತಿದ್ದುಪಡಿ ಬರುವವರೆಗೂ, ಬಂದ ಮೇಲೂ, ಈ ಸೀಮೆಯ ಜನ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದದ್ದು ಇಂಥ ಮೊಕದ್ದಮೆಗಳಿಗಾಗಿಯೇ. ವಕೀಲನಿಗೆ ಊರೂರಿನ ಮನೆಗಳ ಕಷ್ಟ ತಿಳಿಯುತ್ತಿತ್ತು. ಮನೆಗಳವರಿಗೆ ವಕೀಲನ ಮುಖ ಪರಿಚಯವಿರುತ್ತಿತ್ತು. ಮತ ಕೇಳಲು ಹೋದಾಗ ಹೊಸದಾಗಿ ಹೆಸರು ಹೇಳಿಕೊಳ್ಳುವ ಪ್ರಮೇಯವೇ ಇರುತ್ತಿರಲಿಲ್ಲ.

1971ರ ಚುನಾವಣೆಯಲ್ಲಿ ಚಂದ್ರೇಗೌಡರು ಕಾಂಗ್ರೆಸ್ಸಿನಿಂದ ಚಿಕ್ಕಮಗಳೂರಿನ ಲೋಕಸಭಾ ಸದಸ್ಯರಾದರು. ಆಗ ಅವರಿಗೆ ಮೂವತ್ತನಾಲ್ಕು ವರ್ಷ. ತುರ್ತು ಪರಿಸ್ಥಿತಿಯ ಅನಂತರ 1977ರಲ್ಲಿ ಉತ್ತರ ಭಾರತದಲ್ಲೆಲ್ಲ ಕಾಂಗ್ರೆಸ್ಸು ಗುಡಿಸಿಹೋದಾಗ ಕರ್ನಾಟಕ ಮಾತ್ರ 28 ಸ್ಥಾನಗಳಲ್ಲಿ 26ನ್ನು ಆ ಪಕ್ಷಕ್ಕೇ ಕೊಟ್ಟಿತು. ಚಂದ್ರೇಗೌಡರು ಎರಡನೆಯ ಬಾರಿ ಗೆದ್ದರು. ಸ್ವತಃ ಇಂದಿರಾ ಗಾಂಧಿಯವರು ರಾಯ್‌ಬರೇಲಿಯಲ್ಲಿ ರಾಜನಾರಾಯಣರ ಎದುರು ಸೋತಿದ್ದರು. ಮರುವರ್ಷ ಅವರ ಪಕ್ಷ ಒಡೆಯಿತು. ಆದರೆ ಕರ್ನಾಟಕದಲ್ಲಿ ದೇವರಾಜ ಅರಸರ ನೇತೃತ್ವದಲ್ಲಿ ಅವರ ಬಣವೇ ಅಧಿಕಾರಕ್ಕೆ ಬಂದಿತು. ಲೋಕಸಭೆಗೆ ಹಿಂತಿರುಗಲು ಇಂದಿರಾ ಅವರಿಗೆ ಒಂದು ಭದ್ರವಾದ ಕ್ಷೇತ್ರ ಬೇಕಿತ್ತು. ಆಯ್ಕೆಯಾದದ್ದು ಚಿಕ್ಕಮಗಳೂರು. ಚಂದ್ರೇಗೌಡರು ರಾಜೀನಾಮೆ ಕೊಟ್ಟರು.

ಇಲ್ಲಿ ಸ್ವಲ್ಪ ನಿಂತು ಕಾನೂನನ್ನು ನೋಡಬೇಕು. ಸಂಸತ್ ಸದಸ್ಯರು ತಮ್ಮ ಕೈಬರಹದ ಸಹಿಯೊಡನೆ ಸದನದ ಅಧ್ಯಕ್ಷರಿಗೆ ಬರೆದುಕೊಟ್ಟು ಸ್ಥಾನ ತೆರವು ಮಾಡಬಹುದು ಎನ್ನುತ್ತದೆ ಸಂವಿಧಾನದ 101ನೆಯ ವಿಧಿ. ಮೊದಲು ಅಷ್ಟೇ ಸಾಕಿತ್ತು. 1974ರ 33ನೆಯ ತಿದ್ದುಪಡಿ ಅದಕ್ಕೊಂದು ಷರತ್ತು ಸೇರಿಸಿತು: ರಾಜೀನಾಮೆ ಸ್ವಇಚ್ಛೆಯದು, ನಿಜವಾದದ್ದು ಎಂದು ಅಧ್ಯಕ್ಷರಿಗೆ ಮನವರಿಕೆಯಾಗಬೇಕು, ಇಲ್ಲವಾದರೆ ಅದನ್ನು ಒಪ್ಪಬಾರದು. ಬೆದರಿಸಿ ಸಹಿ ಹಾಕಿಸುವ ಚಟಕ್ಕೆ ಕಡಿವಾಣವಾಗಿ ಬಂದ ಷರತ್ತು ಇದು. ಆದರೆ ಏಕೆ ಬಿಡುತ್ತೀರಿ, ಯಾರಿಗಾಗಿ ಬಿಡುತ್ತೀರಿ ಎಂದು ಸಂವಿಧಾನ ಕೇಳುವುದಿಲ್ಲ. ನಾಯಕರಿಗಾಗಿ ಮನಸಾರೆ ಬಿಟ್ಟರೂ ಅದು ಸ್ವಇಚ್ಛೆಯೇ. ಆ ಕುರ್ಚಿಗೆ ತನ್ನನ್ನು ಕಳಿಸಿದ ಮತದಾರನ ಒಪ್ಪಿಗೆ ಮಾತ್ರ ಈ ವ್ಯವಹಾರದಲ್ಲಿ ಎಲ್ಲಿಯೂ ಬರುವುದಿಲ್ಲ. ಅವನ ಸರದಿ ಉಪಚುನಾವಣೆಯಲ್ಲಿ ಬರುತ್ತದೆ. ತೆರವಾದ ಸ್ಥಾನಕ್ಕೆ ಆರು ತಿಂಗಳೊಳಗೆ ಚುನಾವಣೆ ನಡೆಯಬೇಕೆಂಬ ನಿಯಮ ಕೂಡ ಆಗ ಇರಲಿಲ್ಲ. ಅದು ಬಂದದ್ದು 1996ರಲ್ಲಿ.

1978ರ ನವೆಂಬರಿನ ಆ ಉಪಚುನಾವಣೆಯನ್ನು ಕಂಡವರು ಈಗಲೂ ಮರೆತಿಲ್ಲ. ಜನತಾ ಪಕ್ಷ ಕಣಕ್ಕಿಳಿಸಿದ್ದು ಸಾಮಾನ್ಯರನ್ನಲ್ಲ, ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು. ಕೇಂದ್ರ ಸಚಿವರಾಗಿದ್ದ ಜಾರ್ಜ್ ಫರ್ನಾಂಡಿಸ್ ಪ್ರಚಾರಕ್ಕೆ ಬಂದರು. ಒಂದು ಹೆಣ್ಣುಹುಲಿಗೆ ನೂರು ಮುಸುವಗಳು ಎದುರಾಗಿವೆ ಎಂಬರ್ಥದ ಹಿಂದಿ ಘೋಷಣೆಯಲ್ಲಿ ಚಿಕ್ಕಮಗಳೂರಿನ ಹೆಸರು ಪ್ರಾಸವಾಗಿ ಸೇರಿಕೊಂಡು ದೇಶವೆಲ್ಲ ಸುತ್ತಿತು. ಅಲ್ಲಿಯವರೆಗೆ ಕಾಫಿಪುಡಿಯ ಡಬ್ಬದ ಮೇಲಷ್ಟೇ ಹೊರಗಿನವರ ಕಣ್ಣಿಗೆ ಬೀಳುತ್ತಿದ್ದ ಊರು ವಿದೇಶಿ ಪತ್ರಿಕೆಗಳ ಮುಖಪುಟ ಸೇರಿತು. ಇಂದಿರಾ 77 ಸಾವಿರಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು.

ಮುಂದಿನ ಕಥೆಯನ್ನು ಜನ ಅಷ್ಟಾಗಿ ಹೇಳುವುದಿಲ್ಲ. ಡಿಸೆಂಬರ್ 19ರಂದು ಲೋಕಸಭೆಯು ಹಕ್ಕುಚ್ಯುತಿಯ ಆರೋಪದ ಮೇಲೆ ಇಂದಿರಾ ಅವರನ್ನು ಸದಸ್ಯತ್ವದಿಂದಲೇ ಹೊರಹಾಕಿ, ಅಧಿವೇಶನ ಮುಗಿಯುವವರೆಗೆ ಜೈಲಿಗೆ ಕಳಿಸಿತು. ತಾವು ಪ್ರಧಾನಿಯಾಗಿದ್ದಾಗ ಮಾರುತಿ ಸಂಸ್ಥೆಯ ಬಗೆಗೆ ಮಾಹಿತಿ ಸಂಗ್ರಹಿಸುತ್ತಿದ್ದ ಅಧಿಕಾರಿಗಳಿಗೆ ಅಡ್ಡಿಪಡಿಸಿದರೆಂಬುದು ಆರೋಪ. ಹೀಗೆ ಚಿಕ್ಕಮಗಳೂರಿನ ಮತದಾರರು ಒಂದೇ ಚಳಿಗಾಲದ ಆಸುಪಾಸಿನಲ್ಲಿ ತಮ್ಮ ಪ್ರತಿನಿಧಿಯನ್ನು ಎರಡು ಬಾರಿ ಕಳೆದುಕೊಂಡರು: ಒಮ್ಮೆ ಪ್ರತಿನಿಧಿಯೇ ಬಿಟ್ಟರು, ಇನ್ನೊಮ್ಮೆ ಸದನ ಬಿಡಿಸಿತು. ಎರಡು ಸಲವೂ ಮತದಾರರನ್ನು ಯಾರೂ ಕೇಳಲಿಲ್ಲ. 1981ರಲ್ಲಿ, ಇಂದಿರಾ ಮತ್ತೆ ಪ್ರಧಾನಿಯಾದ ಮೇಲೆ, ಹೊಸ ಲೋಕಸಭೆ ಆ ಉಚ್ಚಾಟನೆಯ ನಿರ್ಣಯವನ್ನು ರದ್ದುಪಡಿಸಿತು. ಆ ಹೊತ್ತಿಗೆ ಅವರು ಪ್ರತಿನಿಧಿಸುತ್ತಿದ್ದುದು ಆಂಧ್ರದ ಮೇದಕ್ ಕ್ಷೇತ್ರವನ್ನು.

ದಿಲ್ಲಿ ಬಿಟ್ಟ ಚಂದ್ರೇಗೌಡರು ರಾಜ್ಯ ಶಾಸಕಾಂಗಕ್ಕೆ ಬಂದದ್ದು ಮೇಲ್ಮನೆಯ ಬಾಗಿಲಿನಿಂದ. ವಿಧಾನ ಪರಿಷತ್ತಿನ ಸದಸ್ಯರಾಗಿ ಅರಸರ ಸಂಪುಟ ಸೇರಿದರು. ಶಾಸಕರಲ್ಲದವರು ಸಚಿವರಾಗಿ ಆರು ತಿಂಗಳಿಗಿಂತ ಹೆಚ್ಚು ಮುಂದುವರಿಯಲಾಗದು. ಜನರ ಮುಂದೆ ಹೋಗದೆ ಆ ಅರ್ಹತೆ ಪಡೆಯಲು ನಮ್ಮಲ್ಲಿ ಇರುವ ಹಳೆಯ ದಾರಿ ಪರಿಷತ್ತು. ಇದನ್ನು ತ್ಯಾಗಕ್ಕೆ ಸಂದ ಪ್ರತಿಫಲ ಎಂದವರಿದ್ದಾರೆ. ಇರಬಹುದು. ಆದರೆ ಒಬ್ಬ ಸಂಸತ್ ಸದಸ್ಯ ತನ್ನ ಸ್ಥಾನವನ್ನು ಬಿಟ್ಟು ಬರಿಗೈಯಲ್ಲಿ ಮನೆಗೆ ಹೋಗಬೇಕಿತ್ತೆಂದು ನಿರೀಕ್ಷಿಸುವುದೂ ಅತಿಯೇ. ಕುತೂಹಲದ ಸಂಗತಿ ಬೇರೆ ಇದೆ. 1979ರಲ್ಲಿ ಅರಸರಿಗೂ ಇಂದಿರಾ ಅವರಿಗೂ ಬಿರುಕು ಬಿಟ್ಟಿತು. ಕ್ಷೇತ್ರ ಬಿಟ್ಟುಕೊಟ್ಟು ಐದು ವರ್ಷ ತುಂಬುವುದರೊಳಗೆ ಚಂದ್ರೇಗೌಡರು ಇಂದಿರಾ ಅವರ ಎದುರು ಸಾಲಿನಲ್ಲಿ, ಜನತಾ ಪಕ್ಷದಲ್ಲಿ ಇದ್ದರು.

1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದಾಗ, ತೀರ್ಥಹಳ್ಳಿಯಿಂದ ಗೆದ್ದು ಬಂದಿದ್ದ ಚಂದ್ರೇಗೌಡರು ವಿಧಾನಸಭೆಯ ಅಧ್ಯಕ್ಷರಾದರು. ವಕೀಲರಿಗೆ ಹೇಳಿ ಮಾಡಿಸಿದ ಪೀಠವೆಂದು ತೋರಬಹುದು. ಆದರೆ ಅದು ಸುಖದ ಕಾಲವಾಗಿರಲಿಲ್ಲ. 224 ಜನರ ಸಭೆಯಲ್ಲಿ ಜನತಾ ಕೂಟಕ್ಕಿದ್ದದ್ದು 95 ಸ್ಥಾನ. ಭಾರತೀಯ ಜನತಾ ಪಕ್ಷ ಮತ್ತು ಎಡಪಕ್ಷಗಳು ಹೊರಗಿನಿಂದ ಕೊಟ್ಟ ಬೆಂಬಲದ ಮೇಲೆ ಸರ್ಕಾರ ನಿಂತಿತ್ತು. ಅಧ್ಯಕ್ಷರು ಮೊದಲ ಸುತ್ತಿನಲ್ಲಿ ಮತ ಹಾಕುವಂತಿಲ್ಲ. ಮತಗಳು ಸಮನಾದಾಗ ಮಾತ್ರ ನಿರ್ಣಾಯಕ ಮತ. ಎಂದರೆ ತನ್ನವರೊಬ್ಬರನ್ನು ಆ ಪೀಠಕ್ಕೆ ಕಳಿಸಿದ ಪಕ್ಷ ಒಂದು ಮತವನ್ನು ಕಳೆದುಕೊಂಡ ಹಾಗೆಯೇ. ಪಕ್ಷಾಂತರ ನಿಷೇಧದ ಹತ್ತನೆಯ ಅನುಸೂಚಿ ಜಾರಿಗೆ ಬಂದದ್ದು 1985ರ ಮಾರ್ಚಿನಲ್ಲಿ. ಅದಕ್ಕೆ ಮೊದಲು ಒಬ್ಬ ಶಾಸಕ ಬೆಳಿಗ್ಗೆ ಈ ಬೆಂಚಿನಲ್ಲಿ ಕುಳಿತು ಸಂಜೆ ಆ ಬೆಂಚಿಗೆ ಹೋದರೆ ಅಧ್ಯಕ್ಷರು ನೋಡುತ್ತಾ ಕೂರಬೇಕಿತ್ತು. ಅನರ್ಹಗೊಳಿಸುವ ಅಧಿಕಾರವೇ ಇರಲಿಲ್ಲ.

ಆ ಅಧಿಕಾರ ಬಂದ ಮೇಲೆ ಏನಾಯಿತೆಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಕ್ಷ ಬಿಟ್ಟರೆ ಅನರ್ಹತೆ. ಆದ್ದರಿಂದ ಶಾಸಕತ್ವವನ್ನೇ ಬಿಟ್ಟು, ಹೊಸ ಪಕ್ಷದಿಂದ ಮತ್ತೆ ಗೆದ್ದು ಬರುವ ಉಪಾಯ ಹೊಳೆಯಿತು. 2019ರಲ್ಲಿ ಕರ್ನಾಟಕದ ಹದಿನೇಳು ಶಾಸಕರ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ ಚರ್ಚೆಯಾದದ್ದು ಅದೇ 1974ರ ಷರತ್ತು, ‘ಸ್ವಇಚ್ಛೆಯದು ಮತ್ತು ನಿಜವಾದದ್ದು’. ರಾಜೀನಾಮೆ ಕೊಟ್ಟ ಮಾತ್ರಕ್ಕೆ ಅನರ್ಹತೆಯಿಂದ ತಪ್ಪಿಸಿಕೊಳ್ಳಲಾಗದು ಎಂದಿತು ಕೋರ್ಟು. ಆದರೆ ಅನರ್ಹರಾದವರು ಆ ಸದನದ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದೆಂಬ ಅಧ್ಯಕ್ಷರ ಆದೇಶವನ್ನು ಉಳಿಸಲಿಲ್ಲ. 1978ರ ರಾಜೀನಾಮೆಯನ್ನೂ 2019ರವುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಎರಡರಲ್ಲೂ ಮತದಾರ ನಿಂತಿರುವ ಜಾಗ ಮಾತ್ರ ಒಂದೇ.

ಚಂದ್ರೇಗೌಡರು 1986ರಲ್ಲಿ ರಾಜ್ಯಸಭೆಗೂ ಹೋದರು. ಲೋಕಸಭೆ, ರಾಜ್ಯಸಭೆ, ವಿಧಾನಸಭೆ, ವಿಧಾನ ಪರಿಷತ್ತು, ಈ ನಾಲ್ಕರಲ್ಲೂ ಕುಳಿತವರು ನಮ್ಮಲ್ಲಿ ಬೆರಳೆಣಿಕೆಯಷ್ಟು ಮಂದಿ. ಪಕ್ಷಗಳನ್ನೂ ಅವರು ಅಷ್ಟೇ ಧಾರಾಳವಾಗಿ ಕಂಡರು. ಜನತಾ ಪರಿವಾರದಿಂದ ಮತ್ತೆ ಕಾಂಗ್ರೆಸ್ಸಿಗೆ, ಕೊನೆಗೆ ಭಾರತೀಯ ಜನತಾ ಪಕ್ಷಕ್ಕೆ. ಅವರ ಅಭಿಮಾನಿಗಳು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ. ದಾಟಬಾರದು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಪಾಲಿಗೆ ಅವರು ಬಂದದ್ದು 1999ರಲ್ಲಿ. ಮೂರು ತಾಲ್ಲೂಕುಗಳ ಈ ವಿಧಾನಸಭಾ ಕ್ಷೇತ್ರಕ್ಕೆ ಹೆಸರು ಶೃಂಗೇರಿಯದು, ಮತಗಳ ಲೆಕ್ಕ ಮೂರರದ್ದೂ. ತುಂಗೆಯ ದಡದ ಮಠದ ಊರು ಒಂದು ಕಡೆ. ಕುವೆಂಪು ಹುಟ್ಟಿದ ಹಿರೇಕೊಡಿಗೆಯಿರುವ ಕೊಪ್ಪ ಇನ್ನೊಂದು ಕಡೆ. ಹಿಂದೆ ಎಡೇಹಳ್ಳಿಯಾಗಿದ್ದು ಯುವರಾಜರ ಹೆಸರು ಹೊತ್ತ, ಭದ್ರಾ ಹಿನ್ನೀರಿನ ಅಂಚಿನ ಎನ್.ಆರ್. ಪುರ ಮತ್ತೊಂದು ಕಡೆ. ಅವರಿಗೆ ಮೊದಲು ಇಲ್ಲಿ ಶಾಸಕರಾಗಿದ್ದವರು ಕೊಪ್ಪದ ಎಚ್.ಜಿ. ಗೋವಿಂದೇಗೌಡರು. ಶಿಕ್ಷಣ ಸಚಿವರಾಗಿ ಶಿಫಾರಸು ಲಂಚಗಳಿಲ್ಲದೆ ಅಂಕಗಳ ಆಧಾರದ ಮೇಲೆ ಭಾರಿ ಸಂಖ್ಯೆಯಲ್ಲಿ ಶಿಕ್ಷಕರ ನೇಮಕ ಮಾಡಿ ಹೆಸರಾದವರು. ಅಂಥವರ ನಂತರ ಬರುವುದು ಸುಲಭವಲ್ಲ.

ಎಸ್.ಎಂ. ಕೃಷ್ಣ ಅವರ ಸರ್ಕಾರದಲ್ಲಿ ಚಂದ್ರೇಗೌಡರಿಗೆ ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಖಾತೆ ಸಿಕ್ಕಿತು. 2000ದ ಜುಲೈ 30ರಂದು ವೀರಪ್ಪನ್ ಡಾ. ರಾಜಕುಮಾರರನ್ನು ಅಪಹರಿಸಿದ. ಅವನ ಬೇಡಿಕೆಯಂತೆ ಟಾಡಾ ಮೊಕದ್ದಮೆಗಳನ್ನು ಹಿಂತೆಗೆದುಕೊಳ್ಳಲು ಸರ್ಕಾರ ಮುಂದಾದಾಗ, ವೀರಪ್ಪನ್ ತಂಡದ ಕೈಯಲ್ಲಿ ಹತರಾಗಿದ್ದ ಪೊಲೀಸ್ ಅಧಿಕಾರಿಯೊಬ್ಬರ ತಂದೆ ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟು ಮೊಕದ್ದಮೆ ಹಿಂತೆಗೆತವನ್ನು ಒಪ್ಪಲಿಲ್ಲ. ಒಬ್ಬ ಮೇರುನಟನ ಪ್ರಾಣ ಒಂದು ಕಡೆ, ಮಗನನ್ನು ಕಳೆದುಕೊಂಡ ತಂದೆಯ ಅರ್ಜಿ ಇನ್ನೊಂದು ಕಡೆ. ಕಾನೂನು ಖಾತೆಗೆ ಅಂಥ ದಿನಗಳು ಮತ್ತೆ ಬಂದಿಲ್ಲ.

ಊರಿನ ಕಡೆ ಉರಿಯುತ್ತಿದ್ದುದು ಬೇರೆ. 2001ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂತಿಮ ಅಧಿಸೂಚನೆ ಹೊರಬಿದ್ದಿತು. ಶೃಂಗೇರಿ ಸೀಮೆಯ ಕಾಡಂಚಿನ ಕುಟುಂಬಗಳಿಗೆ ತಾವಿರುವ ಜಾಗ ತಮ್ಮದೋ ಅಲ್ಲವೋ ಎಂಬ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಎದುರಾಯಿತು. ಮರುವರ್ಷ, ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಲ್ಲಬೇಕೆಂದು ಸುಪ್ರೀಂ ಕೋರ್ಟು ಹೇಳಿತು. ಕಾಡಿಗಾಗಿ ಹೋರಾಡಿದವರಿಗೆ ಗೆಲುವು. ಹಕ್ಕುಪತ್ರವಿಲ್ಲದೆ ಕಾಡಿನೊಳಗಿದ್ದವರ ಭಯ ಹಾಗೆಯೇ ಉಳಿಯಿತು. ಇಂಥಲ್ಲಿ ಕ್ಷೇತ್ರದ ಶಾಸಕರೇ ಕಾನೂನು ಸಚಿವರಾಗಿದ್ದರೂ ಮಾಡಬಹುದಾದದ್ದು ಸ್ವಲ್ಪವೇ. ರಾಷ್ಟ್ರೀಯ ಉದ್ಯಾನದ ಗಡಿಯನ್ನು ಬದಲಿಸುವುದು ಒಂದು ಸಂಪುಟದ ಕೈಯಲ್ಲಿರುವ ಕೆಲಸವಲ್ಲ. 2004ರ ಚುನಾವಣೆಯಲ್ಲಿ ಶೃಂಗೇರಿ ಕ್ಷೇತ್ರ ಬಿಜೆಪಿಯ ಡಿ.ಎನ್. ಜೀವರಾಜ್ ಅವರ ಪಾಲಾಯಿತು.

ಲೋಕಸಭೆಗೆ ಚಂದ್ರೇಗೌಡರು ಮರಳಿದ್ದು 2009ರಲ್ಲಿ, ರಾಜೀನಾಮೆ ಕೊಟ್ಟ ಮೂವತ್ತೊಂದು ವರ್ಷಗಳ ಬಳಿಕ. ಕ್ಷೇತ್ರ ಬೆಂಗಳೂರು ಉತ್ತರ, ಪಕ್ಷ ಬಿಜೆಪಿ, ಸೋತವರು ಕಾಂಗ್ರೆಸ್ಸಿನ ಸಿ.ಕೆ. ಜಾಫರ್ ಷರೀಫ್. ಆ ವೇಳೆಗೆ ಅವರು 1978ರಲ್ಲಿ ಬಿಟ್ಟಿದ್ದ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರವೆಂಬುದೇ ಇರಲಿಲ್ಲ. ಕ್ಷೇತ್ರಗಳ ಮರುವಿಂಗಡಣೆಯಲ್ಲಿ ಅದು ಉಡುಪಿಯೊಡನೆ ಸೇರಿ ಉಡುಪಿ-ಚಿಕ್ಕಮಗಳೂರು ಆಗಿತ್ತು. 2023ರ ನವೆಂಬರ್ 7ರಂದು ಅವರು ತೀರಿಕೊಂಡಾಗ ವಯಸ್ಸು ಎಂಬತ್ತೇಳು. ಕೊನೆಯ ದಿನಗಳನ್ನು ಕಳೆದದ್ದು ಹುಟ್ಟಿದ ದಾರದಹಳ್ಳಿಯಲ್ಲೇ. ಮರುದಿನದ ಪತ್ರಿಕೆಗಳ ತಲೆಬರಹಗಳಲ್ಲಿ ಮತ್ತೆ ಆ ‘ಬಿಟ್ಟುಕೊಟ್ಟ’ ಕ್ಷೇತ್ರವೇ ಇತ್ತು.