ನಿಮಗಿದು ಗೊತ್ತೆ? ನೆಗಡಿ ಮಾತ್ರೆಯ ಮಂಪರು

ಭತ್ತದ ಒಕ್ಕಲಿನ ದೂಳಿಗೆ ಸೀನು, ತುರಿಕೆ ಹತ್ತಿದಾಗ ಕೊಪ್ಪಳ ಜಿಲ್ಲೆಯ ನವಲಿಯಂತಹ ಊರುಗಳಲ್ಲಿ ಸುಲಭವಾಗಿ ಕೈಗೆಟಕುವ ಕ್ಲೋರ್‌ಫೆನಿರಮಿನ್, ಫೆನಿರಮಿನ್ ಮಾತ್ರೆಗಳು ಹಳೆಯ ತಲೆಮಾರಿನ ಆ್ಯಂಟಿಹಿಸ್ಟಮಿನ್‌ಗಳು, ಅಂದರೆ ಅಲರ್ಜಿಯ ವೇಳೆ ದೇಹದಲ್ಲಿ ಬಿಡುಗಡೆಯಾಗುವ ಹಿಸ್ಟಮಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುವ ಔಷಧಗಳು. ಈ ವರ್ಗದ ಮೊದಲ ಸಂಯುಕ್ತವನ್ನು 1937ರಲ್ಲಿ ಕಂಡುಹಿಡಿದ ಡೇನಿಯಲ್ ಬೊವೆಗೆ 1957ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಮಿದುಳಿನಲ್ಲಿ ಹಿಸ್ಟಮಿನ್ ಎಚ್ಚರವನ್ನು ಕಾಯುತ್ತದೆ. ಹಳೆಯ ಔಷಧಗಳು ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನು ದಾಟಿ ಅಲ್ಲಿಯೂ ಅದನ್ನು ಅಡಗಿಸುವುದರಿಂದ ತೂಕಡಿಕೆ ಬರುತ್ತದೆ, ಮದ್ಯ ಅಥವಾ ನಿದ್ರೆ ಮಾತ್ರೆ ಜೊತೆಗೂಡಿದರೆ ಅದು ಹೆಚ್ಚುತ್ತದೆ, ಟ್ರ್ಯಾಕ್ಟರ್ ಓಡಿಸುವವರಿಗಂತೂ ಇದು ಅಪಾಯವೇ ಸರಿ. ನರಸಂದೇಶಗಳನ್ನು ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ವಸ್ತುವನ್ನೂ ಅವು ತಡೆಯುವುದರಿಂದ ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು, ವೃದ್ಧರಲ್ಲಿ ಗೊಂದಲ ಮತ್ತು ಬೀಳುವಿಕೆ ಕಾಣಿಸಿಕೊಳ್ಳಬಹುದು; ಪ್ರಾಸ್ಟೇಟ್ ಗ್ರಂಥಿ ಊದಿದವರು, ಕೆಲವು ಬಗೆಯ ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ರೋಗ) ಇರುವವರು ವೈದ್ಯರನ್ನು ಕೇಳದೆ ಇವನ್ನು ಸೇವಿಸಬಾರದು.

ಮಕ್ಕಳಲ್ಲಿ ನಿದ್ರೆಯ ಬದಲು ಚಡಪಡಿಕೆಯೂ ಉಂಟಾಗಬಹುದು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ (ಕಟ್ಟಿದ ಮೂಗು ತೆರೆಯುವ ಔಷಧ) ಬೆರೆತ ನೆಗಡಿ ಔಷಧವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಲೇಬಲ್‌ನಲ್ಲಿ ಮುದ್ರಿಸುವಂತೆ ಭಾರತದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಸೂಚಿಸಿದರು. ನಂತರ ಬಂದ ಹೊಸ ತಲೆಮಾರಿನ ಆ್ಯಂಟಿಹಿಸ್ಟಮಿನ್‌ಗಳಾದ ಲೊರಾಟಡಿನ್, ಫೆಕ್ಸೊಫೆನಡಿನ್‌ಗಳು ಮಿದುಳನ್ನು ಅಷ್ಟಾಗಿ ಪ್ರವೇಶಿಸುವುದಿಲ್ಲ. ಅದೇ ತಲೆಮಾರಿನ ಸೆಟಿರಿಜಿನ್ ಮಾತ್ರ ಕೆಲವರಿಗೆ ಮಂಪರು ತರುತ್ತದೆ.