ಗಾಲಿಯ ಮೇಲಿನ ಮನೆಯಲ್ಲಿ ಮಹಾಕಮರಿಗೆ

ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿರುವ ಮನೆಗಳು ಶಿವಮೊಗ್ಗದಲ್ಲಿಯಾಗಲಿ ಭದ್ರಾವತಿಯಲ್ಲಿಯಾಗಲಿ ಈಗ ಅಪರೂಪವಲ್ಲ. ಬೇಸಿಗೆ ಬಂದಿತೆಂದರೆ ತಂದೆತಾಯಿಗಳು ಚಟ್ನಿಪುಡಿ, ಹಪ್ಪಳ, ಉಪ್ಪಿನಕಾಯಿಗಳ ಗಂಟು ಕಟ್ಟಿಕೊಂಡು ವಿಮಾನವೇರುತ್ತಾರೆ. ಮೊಮ್ಮಕ್ಕಳ ರಜೆಯಲ್ಲಿ ಮೂರು ತಲೆಮಾರೂ ಒಟ್ಟಾಗಿ ಕೈಗೊಳ್ಳುವ ಪ್ರವಾಸಗಳಲ್ಲಿ ಅರಿಜೋನಾ ಸಂಸ್ಥಾನದ ಗ್ರ್ಯಾಂಡ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನದ ಯಾತ್ರೆಯೂ ಒಂದು. ಅದಕ್ಕೆ ಕೆಲವರು ಆರಿಸಿಕೊಳ್ಳುವ ವಾಹನವೇ ಮೋಟಾರು ಮನೆ.

ಹಿಂದೆ ಮಲೆನಾಡಿನ ಕುಟುಂಬಗಳು ಕಮಾನುಗಾಡಿಯಲ್ಲಿ ಹುಲ್ಲು ಹಾಸಿ, ಮೇಲೆ ಜಮಖಾನ ಹರಡಿ, ಅಕ್ಕಿಬೇಳೆ ಪಾತ್ರೆಪಡಗಗಳೊಡನೆ ಜಾತ್ರೆಗೆ ಹೋಗುತ್ತಿದ್ದುದುಂಟು. ಮೋಟಾರು ಮನೆ ಆ ಗಾಡಿಯ ದೂರದ ಬಂಧುವೆನ್ನಬಹುದು. ಒಳಗೆ ಹಾಸಿಗೆ, ಗ್ಯಾಸಿನ ಒಲೆ, ಶೀತಕಪೆಟ್ಟಿಗೆ, ಶೌಚಗೃಹ ಎಲ್ಲವೂ ಉಂಟು. ಊಟದ ಮೇಜೇ ರಾತ್ರಿಗೆ ಮಂಚವಾಗುತ್ತದೆ. ಆದರೆ ವಾಹನ ಚಲಿಸುವಾಗ ಒಲೆ ಹೊತ್ತಿಸಲಾಗದು. ಎಲ್ಲರೂ ಪಟ್ಟಿ ಬಿಗಿದು ಕುಳಿತಿರಬೇಕು. ನಿಂತಾಗಲೂ ಸಾಸಿವೆ, ಒಣಮೆಣಸಿನಕಾಯಿಯ ಒಗ್ಗರಣೆಗೆ ಮುನ್ನ ಕಿಟಕಿ ತೆರೆಯುವುದು ಜಾಣತನ. ಇಲ್ಲವಾದರೆ ಹೊಗೆಯನ್ನು ಪತ್ತೆಹಚ್ಚುವ ಯಂತ್ರ ಕಿರುಚಿ ನೆರೆಯವರನ್ನೆಲ್ಲ ಎಬ್ಬಿಸೀತು!

ಈ ಮನೆಯಲ್ಲಿ ಹೊಸಬರಿಗೆ ಕಠಿಣವೆನಿಸುವುದು ನೀರಿನ ಲೆಕ್ಕ. ವಾಹನದಡಿಯಲ್ಲಿ ಮೂರು ತೊಟ್ಟಿಗಳಿರುತ್ತವೆ: ಒಂದು ಶುದ್ಧ ನೀರಿಗೆ, ಒಂದು ಸ್ನಾನ ಮತ್ತು ಪಾತ್ರೆ ತೊಳೆದ ನೀರಿಗೆ, ಇನ್ನೊಂದು ಶೌಚಕ್ಕೆ. ಮಧ್ಯಮ ಗಾತ್ರದ ವಾಹನದಲ್ಲಿ ಶುದ್ಧ ನೀರು ಸುಮಾರು 150 ಲೀಟರು ಮಾತ್ರ. ಆರು ಜನರಿದ್ದರೆ ತಲೆಗೆ ಇಪ್ಪತ್ತೈದು ಲೀಟರು! ಬಳಸಿದ ನೀರನ್ನು ಕಂಡಲ್ಲಿ ಚೆಲ್ಲುವಂತೆಯೂ ಇಲ್ಲ. ಅದಕ್ಕೆಂದೇ ಗೊತ್ತುಮಾಡಿದ ಸ್ಥಳದಲ್ಲಿ ಕೊಳವೆ ಜೋಡಿಸಿ ಖಾಲಿಮಾಡಬೇಕು. ಉದ್ಯಾನದ ದಕ್ಷಿಣದಂಚಿನ ಟ್ರೈಲರ್ ವಿಲೇಜ್ ತಂಗುದಾಣದಲ್ಲಿ ನೀರು, ವಿದ್ಯುತ್ತುಗಳ ಜೋಡಣೆ ದೊರೆಯುತ್ತದೆ. ಮ್ಯಾಥರ್ ತಂಗುದಾಣದಲ್ಲಿ ಅವಿಲ್ಲ. ಅಲ್ಲದೆ 30 ಅಡಿಗಿಂತ ಉದ್ದವಾದ ವಾಹನಕ್ಕೆ ಅಲ್ಲಿ ಪ್ರವೇಶವಿಲ್ಲ. ಎರಡಕ್ಕೂ ತಿಂಗಳುಗಳ ಮೊದಲೇ ಸ್ಥಳ ಕಾದಿರಿಸುವುದು ಕ್ಷೇಮ.

ಉದ್ಯಾನಕ್ಕೇ ನೀರಿನ ಬವಣೆಯುಂಟೆಂಬುದನ್ನು ಮರೆಯುವಂತಿಲ್ಲ. ದಕ್ಷಿಣದಂಚಿನ ವಸತಿಗಳಿಗೆ ನೀರು ಬರುವುದು ಕಮರಿಯೊಳಗಿನ ರೋರಿಂಗ್ ಸ್ಪ್ರಿಂಗ್ಸ್ ಎಂಬ ಚಿಲುಮೆಯಿಂದ, ಸುಮಾರು 20 ಕಿಲೋಮೀಟರು ಉದ್ದದ ಕೊಳವೆಯ ಮೂಲಕ. ಆ ಕೊಳವೆ 1960ರ ದಶಕದಲ್ಲಿ ನಿರ್ಮಿಸಲಾರಂಭಿಸಿದ್ದು. 2024ರ ಆಗಸ್ಟ್ ಕೊನೆಯಲ್ಲಿ ಅದು ಹಲವೆಡೆ ಒಡೆದಾಗ ವಸತಿಗೃಹಗಳಲ್ಲಿ ರಾತ್ರಿಯ ತಂಗುವಿಕೆಯನ್ನೇ ನಿಲ್ಲಿಸಬೇಕಾಯಿತು. ಆದುದರಿಂದ ತೊಟ್ಟಿಯನ್ನು ಮೊದಲೇ ತುಂಬಿಕೊಂಡು ಹೋಗುವವರು ಜಾಣರು.

ಇಷ್ಟೆಲ್ಲ ಶ್ರಮಪಟ್ಟು ಕಾಣುವುದಾದರೂ ಏನನ್ನು? ಕೊಲರಾಡೋ ನದಿ ಲಕ್ಷಾಂತರ ವರ್ಷಗಳ ಕಾಲ ಬಂಡೆಯನ್ನು ಕೊರೆದು ಮಾಡಿದ 446 ಕಿಲೋಮೀಟರು ಉದ್ದದ ಕಮರಿಯನ್ನು. ಅದರ ಅತ್ಯಧಿಕ ಆಳ 1,857 ಮೀಟರು. ನಮ್ಮ ಜೋಗದ ಜಲಪಾತದ ಎತ್ತರ 253 ಮೀಟರು. ಏಳು ಜೋಗಗಳನ್ನು ಒಂದರ ಮೇಲೊಂದಿಟ್ಟರೂ ಆ ಆಳ ತುಂಬದು.

ಆದರೂ ಶಿವಮೊಗ್ಗದವರಿಗೆ ಅಲ್ಲಿ ಪರಿಚಿತವಾದ ಹೆಸರುಗಳು ಎದುರಾಗುತ್ತವೆ. 1882ರಲ್ಲಿ ಈ ಪ್ರದೇಶವನ್ನು ಕುರಿತು ದೊಡ್ಡ ಗ್ರಂಥವನ್ನು ಪ್ರಕಟಿಸಿದ ಭೂವಿಜ್ಞಾನಿ ಕ್ಲಾರೆನ್ಸ್ ಡಟ್ಟನ್, ಕಮರಿಯೊಳಗಿನ ಎರಡು ಶಿಖರಗಳಿಗೆ ‘ಶಿವ ದೇವಾಲಯ’, ‘ವಿಷ್ಣು ದೇವಾಲಯ’ ಎಂಬರ್ಥದ ಹೆಸರಿಟ್ಟನು. ತಳದ ಕರಿಬಂಡೆಗೂ ವಿಷ್ಣುವಿನ ಹೆಸರೇ ನಿಂತಿದೆ. ಕಮರಿಯಲ್ಲಿ ಅತ್ಯಂತ ಪ್ರಾಚೀನವಾದ ಶಿಲೆಗೆ ಸುಮಾರು 184 ಕೋಟಿ ವರ್ಷ ವಯಸ್ಸು. ವಿಸ್ಮಯವೆಂದರೆ, 1923ರಲ್ಲಿ ಕಬ್ಬಿಣ ಕರಗಿಸಲಾರಂಭಿಸಿದ ಭದ್ರಾವತಿಯ ಕಾರ್ಖಾನೆಗೆ ಅದಿರನ್ನಿತ್ತ ಕೆಮ್ಮಣ್ಣುಗುಂಡಿಯ ಬೆಟ್ಟದ ಶಿಲೆಗಳು 250 ಕೋಟಿ ವರ್ಷಗಳಿಗೂ ಹಿಂದಿನವು! ಕಮರಿಯ ತಳಕ್ಕಿಂತಲೂ ಹಳೆಯದಾದ ಕಲ್ಲು ನಮ್ಮ ಮನೆಯಂಗಳದಲ್ಲೇ ಇದ್ದಿತು.

ಹಿರಿಯರೊಡನೆ ಹೋಗುವವರು ಒಂದು ಮಾತನ್ನು ನೆನಪಿಡಬೇಕು. ದಕ್ಷಿಣದಂಚು ಸಮುದ್ರಮಟ್ಟದಿಂದ ಸುಮಾರು 7,000 ಅಡಿ ಎತ್ತರದಲ್ಲಿದೆ; ಬೇಸಿಗೆಯಲ್ಲೂ ಅಲ್ಲಿ ರಾತ್ರಿ ಚಳಿ. ಅದೇ ಹೊತ್ತಿನ ಹಗಲಿನಲ್ಲಿ ಕಮರಿಯ ತಳದಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಬೆಟ್ಟದಲ್ಲಿ ಮೊದಲು ಹತ್ತಿ, ದಣಿದ ಮೇಲೆ ಇಳಿಯುತ್ತೇವೆ. ಇಲ್ಲಿ ಮೊದಲು ಇಳಿದು, ದಣಿದ ಮೇಲೆ ಹತ್ತಬೇಕು. ಇಳಿದುದರ ಇಮ್ಮಡಿ ಸಮಯ ಹತ್ತಲು ಬೇಕೆಂದೂ, ಬೇಸಿಗೆಯಲ್ಲಿ ಬೆಳಗಿನ ಹತ್ತರಿಂದ ಸಂಜೆ ನಾಲ್ಕರವರೆಗೆ ಒಳದಾರಿಗಳಲ್ಲಿ ನಡೆಯಬಾರದೆಂದೂ ಉದ್ಯಾನದ ಅಧಿಕಾರಿಗಳು ಎಚ್ಚರಿಸುತ್ತಾರೆ. ಈ ಎಚ್ಚರಿಕೆಯನ್ನು ಲಘುವಾಗೆಣಿಸಿ ಪ್ರಾಣ ತೆತ್ತವರುಂಟು. ಇಳಿಯದಿದ್ದರೆ ನಷ್ಟವೇನೂ ಇಲ್ಲ. ಅಂಚಿನುದ್ದಕ್ಕೂ ಧರ್ಮಾರ್ಥ ಬಸ್ಸುಗಳಿವೆ, ಬೆಂಚುಗಳಿವೆ. ಸೂರ್ಯಾಸ್ತದಲ್ಲಿ ಬಂಡೆಗಳು ಬಣ್ಣ ಬದಲಿಸುವುದನ್ನು ಅಜ್ಜಿ ಮೊಮ್ಮಕ್ಕಳೊಡನೆ ಕುಳಿತೇ ಕಾಣಬಹುದು.

‘ಗಂಗಾ ಸ್ನಾನ, ತುಂಗಾ ಪಾನ’ ಎನ್ನುವ ನಾಡಿನವರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ತೋರಬಹುದು. ಆದರೆ ಬಂಡೆಯನ್ನೇ ಸೀಳಿದ ಆ ಕೊಲರಾಡೋ, ಅಣೆಕಟ್ಟು ಕಾಲುವೆಗಳಿಗೆ ಹಂಚಿಹೋಗಿ, ಹೆಚ್ಚಿನ ವರ್ಷಗಳಲ್ಲಿ ಸಮುದ್ರವನ್ನೇ ಮುಟ್ಟುವುದಿಲ್ಲ. ಒಂದು ಚೊಂಬು ನೀರಿನಲ್ಲಿ ಮುಖ ತೊಳೆಯುವುದನ್ನು ಗಾಲಿಯ ಮನೆಯಲ್ಲಿ ಕಲಿತ ಮೊಮ್ಮಕ್ಕಳು, ಮುಂದೆ ತುಂಗೆಯ ದಂಡೆಗೆ ಬಂದಾಗಲೂ ಆ ಪಾಠವನ್ನು ಮರೆಯದಿದ್ದರೆ, ಪ್ರವಾಸದ ವೆಚ್ಚ ಸಾರ್ಥಕವಾದಂತೆಯೇ ಸರಿ.