ಹುಡುಗಿಯರನ್ನು ನುಂಗುವ ಮನೆ

ಬೇಸಿಗೆಯ ರಜೆ, ಹಳ್ಳಿಯ ಹಳೆಯ ಮನೆ. ತಣ್ಣಗಾಗಲೆಂದು ಬಾವಿಯಲ್ಲಿ ಇಳಿಬಿಟ್ಟಿದ್ದ ಕಲ್ಲಂಗಡಿ ಹಣ್ಣನ್ನು ಮೇಲೆತ್ತಲು ಹುಡುಗಿಯೊಬ್ಬಳು ಹಗ್ಗ ಜಗ್ಗುತ್ತಾಳೆ. ಮೇಲೆ ಬರುವುದು, ಸ್ವಲ್ಪ ಹೊತ್ತಿನ ಹಿಂದೆ ಕಾಣೆಯಾಗಿದ್ದ ಗೆಳತಿಯ ರುಂಡ! ಅದು ನಗುತ್ತದೆ, ಗಾಳಿಯಲ್ಲಿ ತೇಲುತ್ತದೆ, ಕಚ್ಚುವುದಕ್ಕೂ ಬರುತ್ತದೆ. ನೋಡುವವರಿಗೆ ಚೀರಬೇಕೋ ನಗಬೇಕೋ ತಿಳಿಯದು.

ಜಪಾನಿನ ತೋಹೋ ಸಂಸ್ಥೆಯವರು 1977ರಲ್ಲಿ ತೆರೆಗೆ ತಂದ ‘ಹೌಸ್’ ಎಂಬ ಚಿತ್ರದ ದೃಶ್ಯವಿದು. ಅದರ ನಾಯಕಿ ಹದಿಹರೆಯದ ಶಾಲಾಬಾಲಕಿ. ‘ಸಿಂಗಾರಿ’ ಎಂಬರ್ಥ ಬರುವಂತೆ ಗೆಳತಿಯರು ಆಕೆಯನ್ನು ‘ಒಶಾರೆ’ ಎಂದು ಕರೆಯುತ್ತಾರೆ. ತಾಯಿಯನ್ನು ಕಳೆದುಕೊಂಡ ಅವಳಿಗೆ ತಂದೆಯೇ ಸರ್ವಸ್ವ. ಆ ತಂದೆ ಇಟಲಿಯಿಂದ ಮರಳುವಾಗ ಸುಂದರಿಯೊಬ್ಬಳನ್ನು ಜೊತೆಗೆ ಕರೆತಂದು, ‘ಇವಳೇ ನಿನ್ನ ಹೊಸ ತಾಯಿ’ ಎನ್ನುತ್ತಾನೆ. ಮುನಿದ ಬಾಲೆ, ಎಂದೋ ಒಮ್ಮೆ ಕಂಡಿದ್ದ ತಾಯಿಯ ಸೋದರಿಗೆ ಪತ್ರ ಬರೆದು, ಆರು ಮಂದಿ ಗೆಳತಿಯರೊಡನೆ ಆಕೆಯ ಮನೆಗೆ ಹೊರಡುತ್ತಾಳೆ. ಗಾಲಿಕುರ್ಚಿಯಲ್ಲಿ ಕುಳಿತ ನರೆಗೂದಲ ಹೆಂಗಸು, ಅವಳ ಮಡಿಲ ಬಿಳಿಯ ಬೆಕ್ಕು ಅವರನ್ನು ನಗುತ್ತ ಸ್ವಾಗತಿಸುತ್ತವೆ. ಅನಂತರ ಒಬ್ಬೊಬ್ಬಳೇ ಮಾಯವಾಗತೊಡಗುತ್ತಾಳೆ. ಸಂಗೀತಪ್ರಿಯೆಯನ್ನು ಪಿಯಾನೋವೇ ಅಗಿದು ನುಂಗುತ್ತದೆ!

ಇಂಥ ವಿಚಿತ್ರಗಳು ಹುಟ್ಟಿದ್ದು ಮಗುವೊಂದರ ತಲೆಯಲ್ಲಿ. ಅಮೆರಿಕದ ‘ಜಾಸ್’ ಚಿತ್ರ ಹಣದ ಹೊಳೆ ಹರಿಸಿದ್ದನ್ನು ಕಂಡ ತೋಹೋ ಸಂಸ್ಥೆಯವರು, ಅಂಥದೇ ಒಂದು ಕಥೆ ಬೇಕೆಂದು ಜಾಹೀರಾತು ಚಿತ್ರಗಳಿಗೆ ಹೆಸರಾದ ನೊಬುಹಿಕೊ ಒಬಯಾಷಿಯವರನ್ನು ಕೇಳಿದರು. ದೊಡ್ಡವರ ಯೋಚನೆ ತಮಗೆ ಅರ್ಥವಾದುದನ್ನು ಮೀರಿ ಹೋಗದು ಎಂದು ನಂಬಿದ್ದ ಒಬಯಾಷಿ, ಪುಟ್ಟ ಮಗಳು ಚಿಗುಮಿಯನ್ನು ವಿಚಾರಿಸಿದರು. ಕನ್ನಡಿಯ ಪ್ರತಿಬಿಂಬ ತನ್ನ ಮೇಲೆರಗಿದರೆ? ಬಾವಿಯ ಕಲ್ಲಂಗಡಿ ತಲೆಯಾದರೆ? ಬೆರಳು ಸಿಕ್ಕಿಕೊಂಡಾಗ ಪಿಯಾನೋ ಕಚ್ಚಿದಂತಾಗುವುದಿಲ್ಲವೇ? ತಂದೆ ಅವಳ ಭಯಗಳನ್ನು ನಕ್ಕು ತಳ್ಳಿಹಾಕದೆ ಚಿಹೊ ಕತ್ಸುರಾ ಅವರಿಂದ ಚಿತ್ರಕಥೆ ಬರೆಸಿದರು. ಮೂಲಕಲ್ಪನೆ ಮಗಳದೆಂದು ತೆರೆಯ ಮೇಲೂ ನಮೂದಾಯಿತು.

ಕಥೆ ಒಪ್ಪಿಗೆಯಾದರೂ ಸಂಸ್ಥೆಯ ನಿರ್ದೇಶಕರಲ್ಲಿ ಯಾರೂ ಅದನ್ನು ಮುಟ್ಟಲೊಲ್ಲರು. ಸುಮಾರು ಎರಡು ವರ್ಷ ಕಾದ ಒಬಯಾಷಿ ಸುಮ್ಮನೆ ಕೂರಲಿಲ್ಲ. ಚಿತ್ರವಾಗುವ ಮೊದಲೇ ಆ ಕಥೆ ಕಾದಂಬರಿಯಾಗಿ, ಬಾನುಲಿ ನಾಟಕವಾಗಿ ಜನರನ್ನು ತಲುಪಿತು. ಕೊನೆಗೆ ಹೊರಗಿನವರಾದ ಅವರ ಕೈಗೇ ಚಿತ್ರ ಬಂತು. ಬಣ್ಣ ಬಳಿದ ಆಕಾಶ, ಕತ್ತರಿಸಿ ಅಂಟಿಸಿದಂಥ ಚಿತ್ರಿಕೆಗಳು ಕೃತಕವೆಂದು ಎದ್ದು ಕಾಣುತ್ತವೆ. ಅದು ಬೇಕೆಂದೇ ಮಾಡಿದ್ದು. ಹಾಗಿದ್ದರೂ ಕೆಲವೆಡೆ ಗದ್ದಲ ಅತಿಯಾಯಿತೆನ್ನದೆ ವಿಧಿಯಿಲ್ಲ.

ಆದರೆ ಈ ಗದ್ದಲದ ನಡುವೆ ಒಂದು ದುಃಖವಿದೆ. ಆ ಒಂಟಿ ಹೆಂಗಸಿನ ಪ್ರಿಯಕರ ಮಹಾಯುದ್ಧಕ್ಕೆ ಹೋದವನು ಹಿಂದಿರುಗಲಿಲ್ಲ. ಬರುವೆನೆಂದು ಮಾತು ಕೊಟ್ಟಿದ್ದ, ಆಕೆ ಕಾದಳು, ಸತ್ತ ಮೇಲೂ ಕಾದಳು. ಮದುವೆಯಾಗದ ಹುಡುಗಿಯರನ್ನು ನುಂಗಿದಾಗಲೇ ಅವಳಿಗೆ ಮದುಮಗಳ ಉಡುಗೆ ತೊಡುವ ಭಾಗ್ಯ. ಒಶಾರೆ ಈ ಹಿಂದಿನ ಕಥೆಯನ್ನು ಗೆಳತಿಯರಿಗೆ ಹೇಳುವಾಗ ಅದು ಹಳೆಯ ಮೂಕಿ ಚಿತ್ರದಂತೆ ಮೂಡುತ್ತದೆ. ಪರಮಾಣು ಬಾಂಬಿನ ಅಣಬೆಮೋಡ ಏಳುತ್ತಲೇ ಹುಡುಗಿಯೊಬ್ಬಳು, ‘ಬೊಂಬಾಯಿ ಮಿಠಾಯಿಯಂತಿದೆ’ ಎನ್ನುತ್ತಾಳೆ. ಅವಳದೇನು ತಪ್ಪು? ಯುದ್ಧ ಮುಗಿದ ಮೇಲೆ ಹುಟ್ಟಿದವಳು. ಹಿರೋಷಿಮಾ ಪ್ರಾಂತದ ಒನೊಮಿಚಿಯಲ್ಲಿ 1938ರಲ್ಲಿ ಜನಿಸಿದ ಒಬಯಾಷಿಯವರಿಗೆ ಆ ಮೋಡದ ಅರ್ಥ ತಿಳಿದಿತ್ತು. 1945ರ ಆಗಸ್ಟ್ 6ರಂದು ಅವರು ಏಳು ವರ್ಷದ ಹುಡುಗ. ಬಾಲ್ಯದ ಗೆಳೆಯರನ್ನು ಬಾಂಬಿಗೆ ಕಳೆದುಕೊಂಡುದನ್ನು ಅವರೇ ಹೇಳಿಕೊಂಡಿದ್ದರು.

ವಿಮರ್ಶಕರು ಮೂಗು ಮುರಿದರು. ತರುಣ ತರುಣಿಯರು ಚಿತ್ರಮಂದಿರಗಳಿಗೆ ನುಗ್ಗಿದರು. ಮೂರು ದಶಕಗಳ ಬಳಿಕ ಅಮೆರಿಕದಲ್ಲಿಯೂ ಚಿತ್ರ ಹೊಸ ಅಭಿಮಾನಿಗಳನ್ನು ಗಳಿಸಿತು. ಒಬಯಾಷಿ 2020ರ ಏಪ್ರಿಲ್ 10ರಂದು ತೀರಿಕೊಂಡರು.

ಮಲತಾಯಿಯಾಗಲಿದ್ದ ರ್ಯೋಕೊ ಬಾಲೆಯನ್ನು ಒಲಿಸಿಕೊಳ್ಳಬೇಕೆಂದು ಕೊನೆಗೆ ಆ ಮನೆಯನ್ನು ಹುಡುಕಿಕೊಂಡು ಬರುತ್ತಾಳೆ. ಕಿಮೊನೋ ಉಟ್ಟು ಅಲಂಕರಿಸಿಕೊಂಡ ಒಶಾರೆ ಅವಳನ್ನು ಶಾಂತಳಾಗಿ ಬರಮಾಡಿಕೊಳ್ಳುತ್ತಾಳೆ. ಗೆಳತಿಯರೆಲ್ಲಿ ಎಂದರೆ, ಹಸಿವಾದಾಗ ಎದ್ದು ಬರುವರೆಂಬ ಉತ್ತರ. ಇಬ್ಬರೂ ಕೈ ಹಿಡಿಯುತ್ತಾರೆ. ಮರುಕ್ಷಣವೇ ರ್ಯೋಕೊ ಉರಿದುಹೋಗುತ್ತಾಳೆ.